ಗುಡ್ಡ ಹತ್ತುವಾಗ ಕ್ವಾಡ್ ಬೈಕ್ ಕೂಲಂಟ್ 108 ಡಿಗ್ರಿ: ಎಷ್ಟರ ತನಕ ಓಡಿಸಬಹುದು?

ಕೆಸರುಗಾಲಿ:
ತಲೆ ಕೆಟ್ಟು ಹೋಗಿದೆ. ತೋಟದ ಮೇಲಿನ ಬ್ಲಾಕಿಗೆ ಹತ್ತಿದ ಕೂಡಲೇ ಮೀಟರ್‌ನಲ್ಲಿ 108 ಬರುತ್ತೆ, ಕೆಂಪು ದೀಪ ಹತ್ತುತ್ತೆ. ಟಾರ್ ರೋಡಲ್ಲಿ ಏನೂ ಇಲ್ಲ. ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ಫುಲ್ ಇದೆ. ಸರ್ವಿಸ್‌ನವರು "ಘಟ್ಟ ಅಲ್ವಾ ಸಾರ್, ಅಷ್ಟು ಬರುತ್ತೆ" ಅಂತ ಕಳಿಸಿಬಿಟ್ರು. ನೇರ ಉತ್ತರ ಬೇಕು, ಎಷ್ಟು ಡಿಗ್ರಿ ಸೇಫ್?

ಗ್ಯಾರೇಜ್_ಮಾವ:
ಥರ್ಮೋಸ್ಟಾಟ್, ಅಂದ್ರೆ ಬಿಸಿಯಾದಾಗ ತೆರೆದು ಕೂಲಂಟನ್ನ ರೇಡಿಯೇಟರ್‌ಗೆ ಬಿಡೋ ವಾಲ್ವ್. ಬೇರೆ ಏನೂ ನೋಡೋದು ಬೇಡ, ಬದಲಾಯಿಸಿ.

ಘಟ್ಟದ_ಸವಾರ:
ಮಾವ, ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ರೆ ಟಾರ್ ರೋಡಲ್ಲೂ ಕುದೀಬೇಕಿತ್ತಲ್ಲ?

ಕೆಸರುಗಾಲಿ, ಲಿಕ್ವಿಡ್ ಕೂಲ್ಡ್ ಕ್ವಾಡ್‌ಗಳಲ್ಲಿ ಸಾಮಾನ್ಯವಾಗಿ 80ರಿಂದ 95 ಆರಾಮದ ಮಟ್ಟ. 95-100ರ ಆಸುಪಾಸಲ್ಲಿ ರೇಡಿಯೇಟರ್ ಫ್ಯಾನ್ ಶುರುವಾಗಬೇಕು. ಏರಿನಲ್ಲಿ ಸ್ವಲ್ಪ ಹೊತ್ತು 105 ಮುಟ್ಟಿದರೆ ಗಾಬರಿ ಬೇಡ. 110 ದಾಟಿದರೆ ನಿಲ್ಲಿಸಲೇಬೇಕು. ಕೆಂಪು ದೀಪ ಬಂದಮೇಲೆ ನಂಬರ್ ಎಷ್ಟೇ ಇರಲಿ, ಮುಂದೆ ಹೋಗಬೇಡಿ. ಮಾಡೆಲ್‌ಗೆ ತಕ್ಕ ಹಾಗೆ ಕೊಂಚ ಆಚೀಚೆ ಆಗುತ್ತೆ, ಮ್ಯಾನ್ಯುಯಲ್ ನೋಡಿ. ಯಾವ ಗಾಡಿ, ಎಷ್ಟು ಸಿಸಿ, ಫ್ಯಾನ್ ತಿರುಗುತ್ತಾ? ಇದ್ಯಾವುದನ್ನೂ ನೀವು ಹೇಳಿಲ್ಲ.

ಗ್ಯಾರೇಜ್_ಮಾವ:
ಅರ್ಧ ತೆರೆದು ಸಿಕ್ಕಿಹಾಕಿಕೊಂಡ ಥರ್ಮೋಸ್ಟಾಟ್ ಎಷ್ಟೋ ನೋಡಿದ್ದೀನಿ. ಲೋಡ್ ಇಲ್ಲದಾಗ ಸುಮ್ಮನಿರುತ್ತೆ, ಏರಲ್ಲಿ ಕೈ ಕೊಡುತ್ತೆ. ಬಿಚ್ಚಿ ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿ, ಮೇಲೆ ಬರೆದಿರೋ ಡಿಗ್ರಿಗೆ ಬಾಯಿ ಬಿಡುತ್ತಾ ನೋಡಿ. ಬಿಡದಿದ್ರೆ ತೆಗೆದು ಎಸೆದು ಹಾಗೇ ಓಡಿಸಿ.

ಘಟ್ಟದ_ಸವಾರ:
ಹಾಗೇ ಓಡಿಸೋದು ಬೇಡ! ಮಳೆಗಾಲದಲ್ಲಿ ಎಂಜಿನ್ ಕಾಯೋದೇ ಇಲ್ಲ, ಪೆಟ್ರೋಲ್ ಇಳಿದು ಆಯಿಲ್ ತೆಳುವಾಗುತ್ತೆ.

ಮಲ್ನಾಡ್_ಮಡ್:
ಇದಕ್ಕೇ ನಾನು ಏರ್ ಕೂಲ್ಡ್ 250 ಬಿಟ್ಟಿಲ್ಲ. ರೇಡಿಯೇಟರ್ ಕಾಟವೇ ಇಲ್ಲ. ಆಯಿಲ್ ಕೂಲರ್, 25 ಇಂಚಿನ ಮಡ್ ಟೈರ್, ಮುಂದೆ ವಿಂಚ್. ಬಿದ್ದ ಮರ ಎಳೆದು ದಾರಿ ಬಿಡಿಸಿದ ಗಾಡಿ ಇದು.

ಕೆಸರುಗಾಲಿ:
500 ಸಿಸಿ, ಫೋರ್ ವೀಲ್ ಡ್ರೈವ್. ಹಿಂದೆ ಸ್ಪ್ರೇ ಟ್ಯಾಂಕ್ ಇರುತ್ತೆ, ತೋಟ ಅಂದ್ಮೇಲೆ ಇದ್ದೇ ಇರುತ್ತಲ್ಲ. ಹೈ ಗೇರಲ್ಲೇ ಹತ್ತಿಸ್ತೀನಿ. ಫ್ಯಾನ್ ಸದ್ದು ಈಚೆಗೆ ಕೇಳಿದ ನೆನಪಿಲ್ಲ. ಕೂಲಂಟ್ ಕಮ್ಮಿಯಾದಾಗ ಬಾವಿ ನೀರು ಹಾಕ್ತೀವಿ.

ಘಟ್ಟದ_ಸವಾರ:
ಅರ್ಧ ಉತ್ತರ ಇಲ್ಲೇ ಇದೆ! ಲೋಡ್ ಹೊತ್ತು ಹೈ ಗೇರಲ್ಲಿ ಹತ್ತಿಸಿದ್ರೆ ಚಕ್ರಕ್ಕೆ ಶಕ್ತಿ ಕೊಡೋ ಡ್ರೈವ್ ಬೆಲ್ಟ್ ಕೂಡ ಸುಡುತ್ತೆ, ಲೋ ಹಾಕಿ. ಬಾವಿ ನೀರಿನ ಸುಣ್ಣ ಒಳಗೆ ಕಟ್ಟಿಕೊಳ್ಳುತ್ತೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಸಮ ಹಾಕಿ. ಆ ಮಿಶ್ರಣ ತೆರೆದ ಪಾತ್ರೆಯಲ್ಲಿ 107ರ ಹತ್ತಿರ ಕುದಿಯುತ್ತೆ. 1.1 ಬಾರ್ ರೇಡಿಯೇಟರ್ ಕ್ಯಾಪ್ (ಮುಚ್ಚಳ) ಒತ್ತಡ ಹಿಡಿದಿದ್ರೆ 125 ದಾಟಿದ ಮೇಲೆಯೇ. ಅಂದ್ರೆ ಕ್ಯಾಪಿನ ರಬ್ಬರ್ ಹೋಗಿದ್ರೆ ನಿಮ್ಮ 108ರಲ್ಲೇ ಒಳಗೆ ಕುದಿತಾ ಇರಬಹುದು. ತಣ್ಣಗಿರುವಾಗ ಮಾತ್ರ ಕ್ಯಾಪ್ ತೆಗೆಯಿರಿ. ರಿಸರ್ವಾಯರ್ (ಕೂಲಂಟಿನ ಹೊರಗಿನ ಡಬ್ಬಿ) ಫುಲ್ ಇದ್ದ ಮಾತ್ರಕ್ಕೆ ರೇಡಿಯೇಟರ್ ಫುಲ್ ಅಂತ ಅಲ್ಲ.

ಗ್ಯಾರೇಜ್_ಮಾವ:
ಬಾವಿ ನೀರು ಹಾಕಿ ವರ್ಷಗಟ್ಟಲೆ ಓಡಿದ ಟಿಲ್ಲರ್‌ಗಳಿವೆ ನಮ್ಮೂರಲ್ಲಿ.

ಘಟ್ಟದ_ಸವಾರ:
ಟಿಲ್ಲರ್‌ಗೂ ಇದಕ್ಕೂ ಏನು ಸಂಬಂಧ ಮಾವ? ಇದರ ಅಲ್ಯೂಮಿನಿಯಂ ರೇಡಿಯೇಟರ್ ದಾರಿಗಳು ಎಷ್ಟು ಸಣ್ಣ ಗೊತ್ತಲ್ಲ.

ಕೆಸರುಗಾಲಿ:
ಮುಂದಿನ ಪ್ಲಾಸ್ಟಿಕ್ ಬಿಚ್ಚಿದೆ. ರೇಡಿಯೇಟರ್ ರೆಕ್ಕೆಗಳ ನಡುವೆ ಕೆಮ್ಮಣ್ಣು ಗಟ್ಟಿಯಾಗಿ ಕೂತಿದೆ, ಆಚೆ ಬೆಳಕೇ ಕಾಣಲ್ಲ. ಪ್ರೆಷರ್ ವಾಷರ್ ಹಿಡಿಯಲಾ?

ಘಟ್ಟದ_ಸವಾರ:
ಬೇಡ, ರೆಕ್ಕೆ ಮಡಚಿಕೊಳ್ಳುತ್ತೆ. ನೆನೆಸಿ ಬಿಟ್ಟು, ಎಂಜಿನ್ ಕಡೆಯಿಂದ ಮುಂದಕ್ಕೆ ಸಾದಾ ಪೈಪ್ ನೀರು ಬಿಡಿ. ಆಮೇಲೆ ಫ್ಯಾನಿಗೆ ನೇರ ಬ್ಯಾಟರಿ ಕೊಟ್ಟು ನೋಡಿ.

ಕೆಸರುಗಾಲಿ:
ನೇರ ಕೊಟ್ರೆ ತಿರುಗುತ್ತೆ, ಫ್ಯೂಸೂ ಸರಿ ಇದೆ. ಮಣ್ಣು ತೊಳೆದ ಮೇಲೆ ಲೋ ಗೇರಲ್ಲಿ 101ಕ್ಕೆ ನಿಂತಿತು, ಆದ್ರೆ ಫ್ಯಾನ್ ತಾನಾಗಿ ಶುರುವಾಗಲಿಲ್ಲ. ಫ್ಯಾನಿಗೆ ಕರೆಂಟ್ ಬಿಡೋ ರಿಲೇನಾ, ಬಿಸಿ ಅಳೆಯೋ ಸೆನ್ಸರಾ?

ಗ್ಯಾರೇಜ್_ಮಾವ:
ಥರ್ಮೋಸ್ಟಾಟ್ ಕುದಿಸಿ ನೋಡಿದ್ರಾ?

ಹೊಸ_ಸದಸ್ಯ:
ಮಲ್ನಾಡ್_ಮಡ್ ಅವರೇ, ಆ 25 ಇಂಚಿನ ಟೈರ್ ಎಲ್ಲಿ ತಗೊಂಡ್ರಿ?