ಹೊಸ ಹಲ್ಲಿನ ಸೆಟ್: ಮೂರೇ ದಿನಕ್ಕೆ ಕೆಳವಸಡು ಹುಣ್ಣು, ತಪ್ಪುತ್ತಿರುವುದೆಲ್ಲಿ?

ಪ್ರಶ್ನೆ (ದಂತವೈದ್ಯೆ, ಹೊಸನಗರ ಕಡೆ):
ಪೂರ್ತಿ ಸೆಟ್ ಕೂರಿಸಿ ಕಳಿಸಿದ ಮೂರನೇ ದಿನಕ್ಕೆ ಕೆಳಗಿನ ವಸಡು ಹುಣ್ಣಾಯಿತು ಎಂದು ವಯಸ್ಸಾದವರು ವಾಪಸ್ ಬರುತ್ತಾರೆ. ಎರಡು ಬಸ್ ಬದಲಿಸಿ ಬರುವವರು. ಮಳೆಗಾಲದಲ್ಲಂತೂ ಪದೇಪದೇ ಕರೆಸುವ ಹಾಗಿಲ್ಲ. ಕೂರಿಸುವ ದಿನವೇ ಏನೇನು ನೋಡಬೇಕು? ಮನೆಗೆ ಏನು ಹೇಳಿ ಕಳಿಸಬೇಕು?

ಉತ್ತರ (ದಂತವೈದ್ಯ, ಶಿವಮೊಗ್ಗ):
ಗುರುತು ಹಾಕದೆ ಉಜ್ಜಬೇಡಿ ಮೇಡಂ. ಕಣ್ಣಂದಾಜಿಗೆ ಬರ್ (ಉಜ್ಜುವ ಯಂತ್ರದ ಮೊನೆ) ಹಿಡಿದರೆ ಸೆಟ್ಟಿನ ಹಿಡಿತವೇ ಹೋಗುತ್ತದೆ. ಮೊದಲು ಸೆಟ್ಟಿನ ಒಳಮೈ ಮೇಲೆ ಹತ್ತಿ ಆಡಿಸಿ. ಕಣ್ಣಿಗೆ ಕಾಣದ ಅಕ್ರಿಲಿಕ್ (ಸೆಟ್ಟಿನ ಗುಲಾಬಿ ಪ್ಲಾಸ್ಟಿಕ್) ಮುಳ್ಳಿಗೂ ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒಣಗಿಸಿ, ಒತ್ತುವ ಜಾಗ ತೋರಿಸುವ ಪ್ರೆಷರ್ ಪೇಸ್ಟನ್ನು ಬ್ರಷ್ಷಿನ ಗೆರೆ ಕಾಣುವಷ್ಟು ತೆಳ್ಳಗೆ ಬಳಿದು, ಬಾಯಲ್ಲಿಟ್ಟು ಒತ್ತಿ ತೆಗೆಯಿರಿ. ಪೇಸ್ಟ್ ಅಳಿಸಿ ಗುಲಾಬಿ ಕಂಡಲ್ಲಿ ಒತ್ತುತ್ತಿದೆ. ಗೆರೆ ಹಾಗೇ ಉಳಿದಲ್ಲಿ ವಸಡು ಮುಟ್ಟಿಯೇ ಇಲ್ಲ. ಪೇಸ್ಟ್ ಇಲ್ಲದಿದ್ದರೆ ಜಿಂಕ್ ಆಕ್ಸೈಡ್ ಪುಡಿ, ವನಸ್ಪತಿ (ಡಾಲ್ಡಾ) ಸಮಸಮ ಕಲಸಿಕೊಳ್ಳಿ.

ಹುಣ್ಣು ಎಲ್ಲಿ ಎದ್ದಿದೆ ಅನ್ನುವುದರಲ್ಲೇ ಕಾರಣ ಇರುತ್ತದೆ. ವಸಡು ಕೆನ್ನೆ ಸೇರುವ ಸಂದಿಯಲ್ಲಿ ಗೀರಿದ ಹಾಗಿದ್ದರೆ ಸೆಟ್ಟಿನ ಅಂಚು ಉದ್ದವಾಗಿದೆ. ವಸಡಿನ ನೆತ್ತಿ ಕೆಂಪಾಗಿದ್ದರೆ ಹೆಚ್ಚಾಗಿ ಬೈಟ್ (ಮೇಲಿನ, ಕೆಳಗಿನ ಹಲ್ಲು ಕೂಡುವ ರೀತಿ) ತಪ್ಪಿರುತ್ತದೆ. ಆಗ ಒಳಗೆ ಉಜ್ಜಿದರೆ ಹುಣ್ಣು ಜಾಗ ಬದಲಿಸುತ್ತದೆ, ವಾಸಿಯಾಗುವುದಿಲ್ಲ. ಎರಡೂ ಕಡೆ ಕಾಟನ್ ರೋಲ್ ಇಟ್ಟು 5 ನಿಮಿಷ ಕಚ್ಚಿಸಿ, ಆಮೇಲೆ ಬೈಟ್ ನೋಡಿ. ಬಾಯಲ್ಲಿ ಸೆಟ್ ಜಾರಿ ಸುಳ್ಳು ಗುರುತು ಬೀಳುವುದುಂಟು, ಹಾಗಾಗಿ ಆರ್ಟಿಕ್ಯುಲೇಟರ್‌ಗೆ (ದವಡೆಯ ಚಲನೆ ತೋರಿಸುವ ಸಾಧನ) ಮರಳಿ ಕೂರಿಸಿ ತಿದ್ದುವುದೇ ಮೇಲು.

ಕೂರಿಸಿದ 24 ಗಂಟೆಗೆ ಮಾಡುವ ತಪಾಸಣೆ ತಪ್ಪಿಸಬಾರದು. ಅದು ಆಗುವುದೇ ಇಲ್ಲ ಎನ್ನುವವರಿಗೆ ಬೆಳಿಗ್ಗೆ ಕೂರಿಸಿ, ಪೇಟೆಯಲ್ಲೇ ಊಟ ಮಾಡಲು ಹೇಳಿ, ಸಂಜೆ ಬಸ್ಸಿಗೆ ಮುಂಚೆ ಒಮ್ಮೆ ನೋಡಿ.

ಉತ್ತರ (ದಂತ ಚಿಕಿತ್ಸಾಲಯದ ಸಹಾಯಕಿ, ತೀರ್ಥಹಳ್ಳಿ):
ನಮ್ಮ ಕಡೆಯವರಿಗೆ ಮೊದಲು ಹೇಳಬೇಕಾದ್ದು ಬಚ್ಚಲ ಹಂಡೆ ವಿಷಯ. ಆ ಸುಡುನೀರಿಗೆ ಅದ್ದಿದರೆ ಸೆಟ್ ಸೊಟ್ಟಗಾಗುತ್ತದೆ. ತಣ್ಣೀರು, ಮೆದು ಬ್ರಷ್, ಕೈ ತೊಳೆಯುವ ಸೋಪು ಸಾಕು. ಟೂತ್‌ಪೇಸ್ಟ್, ಬೂದಿ, ಉಪ್ಪು ಬೇಡ. ಗೀರು ಬಿದ್ದರೆ ಕವಳದ (ಎಲೆಅಡಿಕೆ) ಕರೆ ಅಲ್ಲೇ ಕೂರುತ್ತದೆ. ತೊಳೆಯುವಾಗ ಕೆಳಗೆ ಅರ್ಧ ಬಕೆಟ್ ನೀರಿರಲಿ, ಬಚ್ಚಲ ಕಲ್ಲಿಗೆ ಬಿದ್ದರೆ ಎರಡು ಹೋಳು. ರಾತ್ರಿ ತೆಗೆದು ನೀರಲ್ಲಿ ಹಾಕಿಡಬೇಕು, ನೀರು ದಿನಾ ಬದಲಿಸಬೇಕು. ಹಾಕಿಕೊಂಡೇ ಮಲಗುವವರಿಗೆ ಅಂಗುಳು ಕೆಂಪಾಗಿ ಶಿಲೀಂಧ್ರ ಸೋಂಕು ಹತ್ತುವುದು ಜಾಸ್ತಿ.

ಮೊದಲ ವಾರ ಗಂಜಿ, ತಂಬುಳಿ ಅನ್ನ, ಮೆತ್ತನೆ ಕಡುಬು. ಸಣ್ಣ ತುಣುಕು ಮಾಡಿ ಎರಡೂ ಕಡೆ ಒಟ್ಟಿಗೆ ಅಗಿಯಬೇಕು. ಅಕ್ಕಿರೊಟ್ಟಿಯನ್ನು ಮುಂದಿನ ಹಲ್ಲಲ್ಲಿ ಕಚ್ಚಿ ಎಳೆದರೆ ಮೇಲಿನ ಸೆಟ್ ಹಿಂದಿನಿಂದ ಕಳಚುತ್ತದೆ. ಬಾಯಲ್ಲಿ ಹೇಳಿದರೆ ಸಾಲದು, ಕನ್ನಡಿ ಕೊಟ್ಟು ಅವರ ಕೈಯಿಂದಲೇ ಮೂರು ಸಲ ಹಾಕಿಸಿ ತೆಗೆಸಿ.

ಪ್ರಶ್ನೆ ಕೇಳಿದವರು:
ಹುಣ್ಣಾದ ಮೇಲೆ ಸೆಟ್ ಜೇಬಲ್ಲಿಟ್ಟುಕೊಂಡು ಬರುತ್ತಾರೆ. ಅಷ್ಟರಲ್ಲಿ ಗುರುತೇ ಮಾಸಿರುತ್ತದಲ್ಲ?

ಉತ್ತರ (ದಂತವೈದ್ಯ, ಶಿವಮೊಗ್ಗ):
ಬರುವ ದಿನ ಬೆಳಿಗ್ಗೆಯಿಂದ ಹಾಕಿಕೊಂಡಿರಲು ಹೇಳಿ. ಹುಣ್ಣನ್ನು ಗಾಜ್ ಬಟ್ಟೆಯಿಂದ ಒಣಗಿಸಿ, ಗುರುತು ಹಾಕುವ ಪೆನ್ಸಿಲ್ ಮುಟ್ಟಿಸಿ ಸೆಟ್ ಕೂರಿಸಿದರೆ ಬಣ್ಣ ಅಕ್ರಿಲಿಕ್‌ಗೆ ಇಳಿಯುತ್ತದೆ. ಅಷ್ಟನ್ನೇ ತೆಗೆದು ಪಾಲಿಶ್ ಮಾಡಿ. ಮನೆಯಲ್ಲಿ ಅರ, ಉಪ್ಪುಕಾಗದ ಹಾಕಕೂಡದು ಎಂದು ಖಡಾಖಂಡಿತ ಹೇಳಿ. ಸೆಟ್ ತಿದ್ದಿ ಎರಡು ವಾರವಾದರೂ ಹುಣ್ಣು ಮಾಯದಿದ್ದರೆ, ಅದರಲ್ಲೂ ಕವಳಕ್ಕೆ ಹೊಗೆಸೊಪ್ಪು ಹಾಕುವವರಾದರೆ, ಕಾಯುತ್ತ ಕೂರದೆ ಬಯಾಪ್ಸಿಗೆ ಕಳಿಸಿ.