ಕ್ರೋಮ್‌ನಲ್ಲಿ ಸೈಟ್ ತೆರೆಯುತ್ತದೆ, ಎಪಿಐ ಮಾತ್ರ ಓಡುತ್ತಿಲ್ಲ: ಎಸ್‌ಎಸ್‌ಎಲ್ ಅನುಭವ ಇದ್ದವರು ಹೇಳಿ

ಪ್ರಶ್ನೆ, ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ತಂಡ, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಉಬುಂಟು ಸರ್ವರ್, ಮುಂದೆ ಎಂಜಿನ್‌ಎಕ್ಸ್ (ವೆಬ್ ಸರ್ವರ್), ಹಿಂದೆ ನೋಡ್ (ಜಾವಾಸ್ಕ್ರಿಪ್ಟ್). ಹಳೆಯ ಎಸ್‌ಎಸ್‌ಎಲ್ ಸರ್ಟಿಫಿಕೇಟ್ (ಸೈಟ್ ನಮ್ಮದೇ ಅಂತ ತೋರಿಸುವ ಗುರುತುಪತ್ರ) ಮುಗಿಯುತ್ತೆ ಅಂತ ದುಡ್ಡು ಕೊಟ್ಟು ಹೊಸದು ತಂದು ಹಾಕಿದೆವು. ಕ್ರೋಮ್‌ನಲ್ಲಿ ಎಲ್ಲ ಸರಿ ಇದೆ. ಆದರೆ ಅವತ್ತಿನಿಂದ ಪೇಮೆಂಟ್ ಗೇಟ್‌ವೇ ಕಳಿಸುವ ವೆಬ್‌ಹುಕ್ (ಪೇಮೆಂಟ್ ಸುದ್ದಿ ತಾನಾಗಿ ತಿಳಿಸುವ ಸಂದೇಶ) ಬರುತ್ತಿಲ್ಲ. ಒಬ್ಬ ಗ್ರಾಹಕರ ಜಾವಾ ಪ್ರೋಗ್ರಾಂ ನಮ್ಮ ಎಪಿಐ (ಬೇರೆ ಪ್ರೋಗ್ರಾಂಗಳು ನಮ್ಮದರ ಜೊತೆ ಮಾತಾಡುವ ದಾರಿ) ಕರೆದರೆ “ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್”, ಅಂದರೆ ಸರ್ಟಿಫಿಕೇಟ್ ನಂಬಲು ಆಗಲಿಲ್ಲ, ಅನ್ನುತ್ತದೆ. ಅವರ ಡೆವಲಪರ್ ಸುಮ್ನೆ ಸರ್ಟಿಫಿಕೇಟ್ ವೆರಿಫಿಕೇಶನ್ ಆಫ್ ಮಾಡಿಬಿಡುತ್ತೇನೆ ಅಂತಿದ್ದಾರೆ. ಅದು ಸರಿಯಾ? ಮುಂದಿನ ಸಲ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ನಂಬಬಹುದಾ? ಇನ್ನೊಂದು: ಜಿಎಸ್‌ಟಿಗೆ ತೆಗೆದುಕೊಂಡ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಇದೆಯಲ್ಲ, ಅದನ್ನೇ ಹಾಕಬಾರದಾ ಅಂತ ನಮ್ಮ ಅಕೌಂಟೆಂಟ್ ಕೇಳಿದರು.

ಬೆಂಗಳೂರಿನಿಂದ, ಸರ್ವರ್ ನೋಡಿಕೊಳ್ಳುವ ಕೆಲಸ:

ನೀವು ಹೇಳಿದ ಲಕ್ಷಣ ನೋಡಿದರೆ ಇಂಟರ್ಮೀಡಿಯೇಟ್ ಸರ್ಟಿಫಿಕೇಟ್ ಬಿಟ್ಟುಹೋಗಿದೆ. ಸರ್ಟಿಫಿಕೇಟ್ ಬದಲಿಸಿದ ದಿನವೇ ಶುರುವಾಗಿದೆ, ಬ್ರೌಸರ್ ಸರಿ, ಜಾವಾ ತಪ್ಪು. ಇಷ್ಟು ಸೇರಿದರೆ ಬೇರೆ ಕಾರಣ ಹುಡುಕುವ ಮೊದಲು ಇದನ್ನೇ ನೋಡಿ.

ನಿಮ್ಮ ಸರ್ಟಿಫಿಕೇಟ್‌ಗೆ ಸಹಿ ಹಾಕಿದ್ದು ಇಂಟರ್ಮೀಡಿಯೇಟ್, ಅಂದರೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಯ (ಸಿಎ) ನಡುವಿನ ಸರ್ಟಿಫಿಕೇಟ್. ಅದಕ್ಕೆ ಸಹಿ ಹಾಕಿದ್ದು ರೂಟ್, ಅಂದರೆ ಸಿಎಯ ಮೂಲ ಸರ್ಟಿಫಿಕೇಟ್. ರೂಟ್ ಮಾತ್ರ ಎದುರಿನವರ ಮೆಷಿನ್‌ನಲ್ಲಿ ಮೊದಲೇ ಇರುತ್ತದೆ. ನಡುವಿನದನ್ನು ನಿಮ್ಮ ಸರ್ವರ್ ತಾನೇ ಕಳಿಸಬೇಕು. ಕಳಿಸದಿದ್ದರೂ ಕ್ರೋಮ್ ಹೇಗೆ ತೆರೆಯುತ್ತದೆ ಅಂದರೆ, ಸರ್ಟಿಫಿಕೇಟ್ ಒಳಗೇ ಇಂಟರ್ಮೀಡಿಯೇಟ್ ಎಲ್ಲಿ ಸಿಗುತ್ತದೆ ಅನ್ನುವ ವಿಳಾಸ ಬರೆದಿರುತ್ತದೆ. ಕ್ರೋಮ್ ಅಲ್ಲಿಂದ ತಂದುಕೊಳ್ಳುತ್ತದೆ. ಫೈರ್‌ಫಾಕ್ಸ್ ಗೊತ್ತಿರುವ ಇಂಟರ್ಮೀಡಿಯೇಟ್‌ಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಜಾವಾ, ಪೈಥಾನ್, ಲಿನಕ್ಸ್‌ನ ಕರ್ಲ್ ಇದ್ಯಾವುದನ್ನೂ ತಾವಾಗಿ ಮಾಡುವುದಿಲ್ಲ. ವೆಬ್‌ಹುಕ್ ಕಳಿಸುವುದು ಬ್ರೌಸರ್ ಅಲ್ಲ, ಇಂಥದ್ದೇ ಒಂದು ಪ್ರೋಗ್ರಾಂ. ಹಾಗಾಗಿ ಎಪಿಐ ಇರುವ ಕಡೆ ಬ್ರೌಸರ್‌ನಲ್ಲಿ ನೋಡಿ ಸರಿ ಇದೆ ಅನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬೇರೆ ಯಾವುದಾದರೂ ಲಿನಕ್ಸ್ ಮೆಷಿನ್‌ನಿಂದ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ (s_client) ಕಮಾಂಡ್ ಓಡಿಸಿ. ನಿಮ್ಮ ಡೊಮೇನ್, ಪೋರ್ಟ್ 443 ಕೊಡಿ. “ಸರ್ಟಿಫಿಕೇಟ್ ಚೈನ್” ಅನ್ನುವ ಸಾಲಿನ ಕೆಳಗೆ 0 ಮಾತ್ರ ಇದ್ದು 1 ಇಲ್ಲದಿದ್ದರೆ, ಕೊನೆಯಲ್ಲಿ ವೆರಿಫೈ ರಿಟರ್ನ್ ಕೋಡ್ 21 ಬಂದರೆ, ರೋಗ ಇದೇ. ಸರಿ ಹೋದ ಮೇಲೆ ಆ ಕೋಡ್ 0 ಆಗಬೇಕು.

ದುಡ್ಡು ಕೊಟ್ಟು ತಂದ ಸರ್ಟಿಫಿಕೇಟ್ ಜಿಪ್ ಫೈಲ್‌ನಲ್ಲಿ ಬಂದಿರುತ್ತದೆ ಅಲ್ವಾ? ಅದರಲ್ಲಿ ನಿಮ್ಮದೊಂದು, ಬಂಡಲ್ ಅಂತ ಇನ್ನೊಂದು ಫೈಲ್ ಇರುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಬಂಡಲ್‌ಗೆ ಬೇರೆ ಜಾಗ ಇಲ್ಲ. ಎರಡನ್ನೂ ಸೇರಿಸಿ ಒಂದೇ ಫೈಲ್ ಮಾಡಬೇಕು. ಮೊದಲು ನಿಮ್ಮದು, ಆಮೇಲೆ ಇಂಟರ್ಮೀಡಿಯೇಟ್. ರೂಟ್ ಸೇರಿಸುವ ಅಗತ್ಯ ಇಲ್ಲ. ಸೇರಿಸಿದ ಮೇಲೆ ಫೈಲ್ ತೆರೆದು ಜೋಡಿಸಿದ ಜಾಗ ಒಮ್ಮೆ ನೋಡಿ. ಮೊದಲ ಫೈಲ್‌ನ ಕೊನೆಯಲ್ಲಿ ಹೊಸ ಸಾಲು ಇರದಿದ್ದರೆ “ಎಂಡ್ ಸರ್ಟಿಫಿಕೇಟ್”, “ಬಿಗಿನ್ ಸರ್ಟಿಫಿಕೇಟ್” ಎರಡೂ ಒಂದೇ ಸಾಲಿಗೆ ಅಂಟಿಕೊಳ್ಳುತ್ತವೆ. ಆಗ ಎಂಜಿನ್‌ಎಕ್ಸ್ ಫೈಲ್ ಓದುವುದೇ ಇಲ್ಲ. ಅಲ್ಲಿ ಎಂಟರ್ ಒತ್ತಿ, ಕಾನ್ಫಿಗ್ ಟೆಸ್ಟ್ ಮಾಡಿ, ಆಮೇಲೆ ರೀಲೋಡ್.

ಮೈಸೂರಿನಿಂದ, ಪೇಮೆಂಟ್ ಇಂಟಿಗ್ರೇಶನ್ ಕೆಲಸ:

ವೆರಿಫಿಕೇಶನ್ ಆಫ್ ಮಾಡುವುದು ಬೇಡವೇ ಬೇಡ. ಆ ಡೆವಲಪರ್‌ಗೆ ನೇರವಾಗಿ ಹೇಳಿ. ಆಫ್ ಮಾಡಿದರೂ ಎನ್‌ಕ್ರಿಪ್ಶನ್ ನಡೆಯುತ್ತದೆ, ಆದರೆ ಯಾರ ಜೊತೆ ಅನ್ನುವುದು ಗೊತ್ತಿರುವುದಿಲ್ಲ. ನಡುವೆ ಕೂತವರು ತಮ್ಮದೇ ಸರ್ಟಿಫಿಕೇಟ್ ತೋರಿಸಿದರೂ ಪ್ರೋಗ್ರಾಂ ಒಪ್ಪಿಕೊಂಡು ಎಪಿಐ ಕೀ, ಬಿಲ್ ವಿವರ ಎಲ್ಲ ಕೊಟ್ಟುಬಿಡುತ್ತದೆ. ಟೆಸ್ಟಿಂಗ್‌ಗೆ ಅಂತ ಬರೆದ ಆ ಒಂದು ಸಾಲು ಪ್ರೊಡಕ್ಷನ್‌ಗೂ ಹೋಗುತ್ತದೆ. ಎಲ್ಲವೂ ಓಡುತ್ತಿರುತ್ತದೆ ನೋಡಿ, ಯಾರೂ ತಿರುಗಿ ನೋಡುವುದಿಲ್ಲ. ಈಗ ತಪ್ಪಿರುವುದು ನಿಮ್ಮ ಸರ್ವರ್ ಕಡೆ. ಅಲ್ಲಿ ಸರಿ ಮಾಡಿದರೆ ಗ್ರಾಹಕರು ಏನನ್ನೂ ಮುಟ್ಟಬೇಕಿಲ್ಲ.

ನೀವೇ ಬೇರೆಯವರ ಎಪಿಐ ಕರೆಯುವಾಗ, ಅವರದು ಸ್ವಂತ ರೂಟ್ ಆಗಿದ್ದರೆ ಆ ರೂಟ್ ಕೇಳಿ ಪಡೆದು ನಂಬುವ ಪಟ್ಟಿಗೆ ಸೇರಿಸಿ. ಈ ಪಟ್ಟಿ ಎಲ್ಲರಿಗೂ ಒಂದೇ ಅಲ್ಲ, ಜಾಸ್ತಿ ಹೊತ್ತು ಹಾಳಾಗುವುದು ಇಲ್ಲೇ. ಜಾವಾಗೆ ತನ್ನದೇ ಕೀಸ್ಟೋರ್ ಇದೆ. ನೋಡ್‌ಗೆ ತನ್ನದೇ ಪಟ್ಟಿ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ಸರ್ಟಿಫೈ ಅನ್ನುವ ಪ್ಯಾಕೇಜ್‌ನ ಪಟ್ಟಿ ನೋಡುತ್ತದೆ. ಉಬುಂಟುವಿಗೆ ಸೇರಿಸಿದ್ದೇವೆ, ಇನ್ನೂ ಯಾಕೆ ಫೇಲ್ ಅಂತ ಕೇಳುವವರಿಗೆ ಉತ್ತರ ಇದು. ಡಾಕರ್‌ನ ಸ್ಲಿಮ್ ಇಮೇಜ್ ಬಳಸುತ್ತಿದ್ದರೆ ರೂಟ್‌ಗಳ ಪಟ್ಟಿ ಇರುವ ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜ್ ಒಳಗೆ ಇದೆಯಾ ನೋಡಿ.

ಹಳೆಯ ಮೆಷಿನ್‌ಗಳ ಬಗ್ಗೆಯೂ ಹೇಳಬೇಕು. 2021ರ ಸೆಪ್ಟೆಂಬರ್ 30ಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಆಸರೆ ಪಡೆದಿದ್ದ ಹಳೆಯ ರೂಟ್ ಮುಗಿಯಿತು. ಹೊಸ ರೂಟ್ ಇದ್ದರೂ ಓಪನ್‌ಎಸ್‌ಎಸ್‌ಎಲ್ 1.0.2 ಹಳೆಯ ದಾರಿಯನ್ನೇ ಹಿಡಿದು ಫೇಲ್ ಆಗುತ್ತಿತ್ತು. ಸರ್ವರ್‌ನವರು ಏನೂ ತಪ್ಪು ಮಾಡಿರಲಿಲ್ಲ, ಕರೆಯುವವರ ಕಡೆ ಅಪ್‌ಡೇಟ್ ಆಗಿರಲಿಲ್ಲ. ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರ್ ಇರುತ್ತವೆ, ಇದು ನಿಮಗೆ ಬೇಕಾಗುವ ವಿಷಯ. ಗಡಿಯಾರದ ತಾರೀಖು ಹಿಂದಿದ್ದರೂ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ಎರರ್ ಬರುತ್ತದೆ. ಮದರ್‌ಬೋರ್ಡ್ ಬ್ಯಾಟರಿ ಸತ್ತಿರುವ ಮೆಷಿನ್‌ಗಳಲ್ಲಿ ಇದು ಮಾಮೂಲಿ.

ಮಂಗಳೂರಿನಿಂದ, ಡೆವ್‌ಆಪ್ಸ್:

ಲೆಟ್ಸ್ ಎನ್‌ಕ್ರಿಪ್ಟ್‌ಗೆ ಧೈರ್ಯವಾಗಿ ಹೋಗಿ. ದುಡ್ಡು ಕೊಟ್ಟದ್ದರಲ್ಲಿ ಎನ್‌ಕ್ರಿಪ್ಶನ್ ಜಾಸ್ತಿ ಗಟ್ಟಿ ಇರುತ್ತೆ ಅನ್ನುವುದು ಸುಳ್ಳು. ಅದರ ಮಾಮೂಲಿ ಸರ್ಟಿಫಿಕೇಟ್ ಅವಧಿ 90 ದಿನ, ಅದಕ್ಕೇ ಜನ ಹಿಂಜರಿಯುತ್ತಾರೆ. ಆದರೆ ದುಡ್ಡಿನದ್ದೂ ಈಗ ಅದೇ ಕಡೆ ಹೊರಟಿದೆ. ಮೊದಲು 398 ದಿನದವರೆಗೆ ಸಿಗುತ್ತಿತ್ತು. ಸಿಎಗಳೂ ಬ್ರೌಸರ್ ಕಂಪನಿಗಳೂ ಸೇರಿರುವ ಸಿಎ-ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದ ಪ್ರಕಾರ 2026ರ ಮಾರ್ಚ್ 15ರಿಂದ ಗರಿಷ್ಠ 200 ದಿನ, 2027ರ ಮಾರ್ಚ್ 15ರಿಂದ 100, 2029ರ ಮಾರ್ಚ್ 15ರಿಂದ 47. ವರ್ಷಕ್ಕೊಮ್ಮೆ ಕೈಯಲ್ಲಿ ಬದಲಿಸುವ ಕಾಲ ಮುಗಿಯಿತು. ಸರ್ಟಿಫಿಕೇಟ್ ತಾನಾಗಿ ತಂದು ರಿನ್ಯೂ ಮಾಡುವ ಸರ್ಟ್‌ಬಾಟ್ ಪ್ರೋಗ್ರಾಂ ಈಗಲೇ ಹಾಕಿಬಿಡಿ.

ಸರ್ಟ್‌ಬಾಟ್ ಕೊಡುವ ಫೈಲ್‌ಗಳಲ್ಲಿ ಫುಲ್‌ಚೈನ್ ಅನ್ನುವುದನ್ನೇ ಎಂಜಿನ್‌ಎಕ್ಸ್‌ಗೆ ಕೊಡಿ. ಬರೀ ಸರ್ಟ್ ಅನ್ನುವ ಫೈಲ್ ಕೊಟ್ಟರೆ ಈಗಿನ ತೊಂದರೆಯೇ ಮತ್ತೆ ಬರುತ್ತದೆ.

ರಿನ್ಯೂವಲ್ ತಾನಾಗಿ ಆಗುತ್ತದೆ, ಆದರೆ ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಡಿಸ್ಕ್‌ನಲ್ಲಿ ಹೊಸ ಫೈಲ್ ಬಂದಿರುತ್ತದೆ, ಎಂಜಿನ್‌ಎಕ್ಸ್ ಮೆಮೊರಿಯಲ್ಲಿ ಹಳೆಯದನ್ನೇ ಇಟ್ಟುಕೊಂಡಿರುತ್ತದೆ. ಎಂಜಿನ್‌ಎಕ್ಸ್ ಪ್ಲಗಿನ್ ಬಳಸಿದರೆ ರೀಲೋಡ್ ಅದೇ ಮಾಡುತ್ತದೆ. ವೆಬ್‌ರೂಟ್ ವಿಧಾನ ಬಳಸಿದರೆ ಡಿಪ್ಲಾಯ್ ಹುಕ್‌ನಲ್ಲಿ (ರಿನ್ಯೂ ಆದ ಮೇಲೆ ಓಡುವ ಜಾಗ) ರೀಲೋಡ್ ಕಮಾಂಡ್ ನೀವೇ ಹಾಕಬೇಕು. ಅದಕ್ಕೇ ಮಾನಿಟರಿಂಗ್ ಮಾಡುವಾಗ ಫೈಲ್‌ನ ತಾರೀಖು ನೋಡಬೇಡಿ. ಹೊರಗಿನಿಂದ 443ಕ್ಕೆ ಕನೆಕ್ಟ್ ಆಗಿ ಅಲ್ಲಿ ಬರುವ ಸರ್ಟಿಫಿಕೇಟ್‌ನ ತಾರೀಖು ನೋಡಿ. ಮೇಲ್ ಬರುತ್ತೆ ಅಂತ ಕಾಯುವುದೂ ಬೇಡ, ಮುಗಿಯುವ ಮುಂಚೆ ಎಚ್ಚರಿಸುವ ಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲೇ ನಿಲ್ಲಿಸಿದೆ.

ಪೋರ್ಟ್ 80 ಮುಚ್ಚಬೇಡಿ. ಸುರಕ್ಷತೆ ಅಂತ ಫೈರ್‌ವಾಲ್‌ನಲ್ಲಿ ಮುಚ್ಚಿದರೆ ಎಚ್‌ಟಿಟಿಪಿ ಚಾಲೆಂಜ್ (ಡೊಮೇನ್ ನಿಮ್ಮದೇ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಮಾಡುವ ಪರೀಕ್ಷೆ) ನಡೆಯುವುದಿಲ್ಲ. ವೈಲ್ಡ್‌ಕಾರ್ಡ್ (ಎಲ್ಲ ಸಬ್‌ಡೊಮೇನ್‌ಗಳಿಗೂ ಒಂದೇ ಸರ್ಟಿಫಿಕೇಟ್) ಬೇಕಿದ್ದರೆ ಡಿಎನ್‌ಎಸ್ ಚಾಲೆಂಜ್ ಒಂದೇ ದಾರಿ. ಪ್ರಯೋಗ ಮಾಡುವಾಗ ಅವರ ಸ್ಟೇಜಿಂಗ್ (ಪರೀಕ್ಷೆಯ) ಸರ್ವರ್ ಬಳಸಿ, ಯಾಕೆಂದರೆ ಅದೇ ಹೆಸರುಗಳಿಗೆ ವಾರಕ್ಕೆ 5 ಸರ್ಟಿಫಿಕೇಟ್ ಅಷ್ಟೇ ಕೊಡುತ್ತಾರೆ.

ಇಲ್ಲಿ ಯಾರಾದರೂ ಕನ್ನಡದಲ್ಲೇ ಡಾಟ್ ಭಾರತ ಡೊಮೇನ್ ತೆಗೆದುಕೊಂಡಿದ್ದರೆ ಅದಕ್ಕೂ ಸರ್ಟಿಫಿಕೇಟ್ ಸಿಗುತ್ತದೆ. ಹೆಸರಿನ ಪ್ಯೂನಿಕೋಡ್ (ಇಂಗ್ಲಿಷ್ ಅಕ್ಷರಗಳ) ರೂಪ ಕೊಡಬೇಕು ಅಷ್ಟೇ.

ಶಿವಮೊಗ್ಗದಿಂದ:

ಡಿಎಸ್‌ಸಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆಗುವುದಿಲ್ಲ. ಡಿಎಸ್‌ಸಿ ಇರುವುದು ವ್ಯಕ್ತಿ ದಾಖಲೆಗೆ ಸಹಿ ಮಾಡಲು, ಅದರಲ್ಲಿ ನಿಮ್ಮ ಡೊಮೇನ್ ಹೆಸರೇ ಇರುವುದಿಲ್ಲ. ಬ್ರೌಸರ್ ನೋಡುವುದು ಡೊಮೇನ್ ಹೆಸರನ್ನು. ಅಕೌಂಟೆಂಟ್ ಕೇಳಿದ್ದರಲ್ಲಿ ತಪ್ಪಿಲ್ಲ, ಎರಡಕ್ಕೂ ಸರ್ಟಿಫಿಕೇಟ್ ಅಂತಲೇ ಹೇಳುತ್ತೇವಲ್ಲ.

ಬೆಂಗಳೂರಿನಿಂದ, ಬ್ಯಾಂಕ್ ಎಪಿಐಗಳ ಜೊತೆ ಕೆಲಸ:

ಮುಂದೆ ಬ್ಯಾಂಕ್ ಜೊತೆ ಇಂಟಿಗ್ರೇಶನ್ ಇದ್ದರೆ ಎರಡು ವಿಷಯ. ಅಲ್ಲಿ ಮ್ಯೂಚುಯಲ್ ಟಿಎಲ್‌ಎಸ್ (ಟಿಎಲ್‌ಎಸ್ ಅಂದರೆ ಎಸ್‌ಎಸ್‌ಎಲ್‌ನ ಹೊಸ ರೂಪ) ಕೇಳಬಹುದು, ಅಂದರೆ ಕರೆಯುವ ನೀವೂ ಸರ್ಟಿಫಿಕೇಟ್ ತೋರಿಸಬೇಕು. ಕೀ ನಿಮ್ಮ ಸರ್ವರ್‌ನಲ್ಲೇ ತಯಾರಿಸಿ, ಸಿಎಸ್‌ಆರ್ (ಸರ್ಟಿಫಿಕೇಟ್ ಕೋರುವ ಫೈಲ್) ಮಾತ್ರ ಅವರಿಗೆ ಕಳಿಸಿ. ಪ್ರೈವೇಟ್ ಕೀ ಮೇಲ್ ಮಾಡಿ ಅಂತ ಯಾರು ಕೇಳಿದರೂ ಕೊಡಬೇಡಿ, ಅವರಿಗೆ ಅದು ಬೇಕಾಗುವುದೇ ಇಲ್ಲ.

ಎರಡನೆಯದು, ವೆಬ್‌ಸೈಟ್‌ನ ಸರ್ಟಿಫಿಕೇಟ್ ಅನ್ನೇ ಇದಕ್ಕೂ ತೋರಿಸುವ ರೂಢಿ ಇದೆ. ಅದನ್ನು ನಂಬಿಕೊಳ್ಳಬೇಡಿ. ಕ್ಲೈಂಟ್ ಆಗಿ ಗುರುತು ತೋರಿಸುವ ಅನುಮತಿಯನ್ನು 2026ರ ಫೆಬ್ರವರಿಯಿಂದ ಮಾಮೂಲಿ ಸರ್ಟಿಫಿಕೇಟ್‌ಗಳಲ್ಲಿ ತೆಗೆಯುವುದಾಗಿ ಲೆಟ್ಸ್ ಎನ್‌ಕ್ರಿಪ್ಟ್ ಹೇಳಿದೆ. ಕ್ರೋಮ್ ಹಾಕಿದ ನಿಯಮದಿಂದಾಗಿ ಬೇರೆ ಪಬ್ಲಿಕ್ ಸಿಎಗಳೂ ಇದೇ ದಾರಿ ಹಿಡಿದಿದ್ದಾರೆ. “ಕ್ಲೈಂಟ್ ಸರ್ಟಿಫಿಕೇಟ್ ಅನ್ನು ನೀವೇ ನಿಮ್ಮ ಸ್ವಂತ ಸಿಎಯಿಂದ ಕೊಡುತ್ತೀರಾ” ಅಂತ ಬ್ಯಾಂಕ್‌ನವರನ್ನು ಮೊದಲ ಮೀಟಿಂಗ್‌ನಲ್ಲೇ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ.