ಒಬ್ಬ ಎಸ್ಕನೋರ್‌ಗೋಸ್ಕರ ಇಡೀ ‘ಸೆವೆನ್ ಡೆಡ್ಲಿ ಸಿನ್ಸ್’ ನೋಡಬಹುದಾ?

ಗಲ್ಲಾ ಮಾಣಿ, ಡೊಂಬಿವಲಿ:

ಮೊದಲೇ ಹೇಳಿಬಿಡುತ್ತೇನೆ, ಕಥೆಯ ಕೊನೆಯವರೆಗಿನ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತದೆ. ಇನ್ನೂ ನೋಡದವರು ಈ ಸ್ಟೇಷನ್ನಿನಲ್ಲೇ ಇಳಿದುಬಿಡಿ.

ನಮ್ಮದು ಹೋಟೆಲ್ ಮನೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಗಲ್ಲಾದಲ್ಲಿ ಕೂತು ಫೋನಿನಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿ, ನೋಡುವುದು ನನ್ನ ಚಟ. ಈಗ ‘ಸೆವೆನ್ ಡೆಡ್ಲಿ ಸಿನ್ಸ್’ ಎರಡನೇ ಸಲ ನಡೀತಾ ಇದೆ. ಚೆನ್ನಾಗಿಲ್ಲ ಅಂತ ನನಗೇ ಗೊತ್ತು. ಆದರೂ ನೋಡುತ್ತಿದ್ದೇನೆ. ಅದಕ್ಕೇ ಈ ಪ್ರಶ್ನೆ.

2014ರ ಮೊದಲ ಸೀಸನ್ ಎ-1 ಪಿಕ್ಚರ್ಸ್‌ನವರು ಮಾಡಿದ್ದು. ಕಣ್ಣಿಗೆ ಹಬ್ಬ. 2019ರಲ್ಲಿ ಮೂರನೇ ಸೀಸನ್ ಸ್ಟುಡಿಯೋ ಡೀನ್ ಕೈಗೆ ಹೋಯಿತು, ಅಲ್ಲಿಂದ ಇಳಿಜಾರು. ನಾನು ಅದನ್ನು ನೋಡಿದ್ದು 2020ರಲ್ಲಿ, ಲೋಕಲ್ ರೈಲು ಬಂದ್ ಇದ್ದ ದಿನಗಳಲ್ಲಿ. ಹೋಟೆಲ್ ಶಟರ್ ಅರ್ಧ ಎಳೆದು ಪಾರ್ಸೆಲ್ ಮಾತ್ರ ಕೊಡುತ್ತಿದ್ದೆವು. ಟೈಮೋ ಟೈಮು. ಹೀರೋ ಮೆಲಿಯೋಡಸ್ ಮತ್ತು ಅವನದೇ ತಂಡದ ಎಸ್ಕನೋರ್ ಹೊಡೆದಾಟಕ್ಕೆ ಎಷ್ಟು ಕಾದಿದ್ದೆ ಗೊತ್ತಾ? ಬಂದಾಗ ನೋಡಿದರೆ ಮುಖಗಳೆಲ್ಲ ಹುಳಿ ಬರದ ಹಿಟ್ಟಿನ ಇಡ್ಲಿ ಥರ ಚಪ್ಪಟೆ. ಜಪಾನಿನ ಟಿವಿಯಲ್ಲಂತೂ ರಕ್ತಕ್ಕೆ ಬಿಳಿ ಬಣ್ಣ ಹಾಕಿದ್ದರು. ಯಾರೋ ಹಾಲಿನ ಕ್ಯಾನ್ ಉರುಳಿಸಿದ ಹಾಗೆ ಕಾಣುತ್ತದೆ.

ಒಬ್ಬೊಬ್ಬರ ಬಲಕ್ಕೂ ಒಂದು ಅಂಕಿ ಕೊಡುವ ಶಕ್ತಿಯ ಲೆಕ್ಕ ಇನ್ನೊಂದು ಕಿರಿಕಿರಿ. ಮೆಲಿಯೋಡಸ್‌ದು 3,370 ಅಂದಾಗ ನಾವು ಬಾಯಿ ಬಿಟ್ಟಿದ್ದೆವು. ಸ್ವಲ್ಪ ದಿನಕ್ಕೆ ಲಕ್ಷದ ಮಾತು. ಹೀರೋ ಸಾಯುತ್ತಾನೆ, ಏಳುತ್ತಾನೆ, ಇನ್ನೂ ಜಾಸ್ತಿ ಬಲವಾಗಿ ಏಳುತ್ತಾನೆ. ಮೂರನೇ ಸಲಕ್ಕೆ ನನಗೆ ಆಕಳಿಕೆ.

ಆದರೆ ಎರಡನೇ ಸೀಸನ್ನಿನಲ್ಲಿ ಎಸ್ಕನೋರ್ ಬರುತ್ತಾನಲ್ಲ, ಅಲ್ಲಿ ಫೋನ್ ಕೆಳಗಿಡಲು ಆಗುವುದಿಲ್ಲ. ರಾತ್ರಿ ಹೊತ್ತು ಅವನು ಕನ್ನಡಕ ಹಾಕಿದ ಸಣಕಲು ಮನುಷ್ಯ. ಹೆಂಡದಂಗಡಿ ಇಟ್ಟುಕೊಂಡು ಎಲ್ಲರಿಗೂ ತಲೆ ಬಗ್ಗಿಸಿ ಮಾತಾಡುತ್ತಾನೆ. ಸೂರ್ಯ ಹುಟ್ಟಿದ ಮೇಲೆ ಬೆಳೆಯುತ್ತಾ ಹೋಗುತ್ತಾನೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಅವನ ಮುಂದೆ ಯಾರೂ ಇಲ್ಲ. ಗಲಾನ್ ಎಂಬ ರಾಕ್ಷಸ ಅವನ ಅಂಗಡಿಗೇ ಬಂದು ಕುಡಿಯುತ್ತಾನೆ. ಗಲಾನ್ ಎದುರು ಸುಳ್ಳು ಹೇಳಿದವರು ಕಲ್ಲಾಗುತ್ತಾರೆ. ಬೆಳಗಾಗುತ್ತದೆ. ಒಳಗಿದ್ದ ಸಣಕಲ ದೊಡ್ಡವನಾಗಿ, ಕೊಡಲಿ ಹಿಡಿದು ನಿಲ್ಲುತ್ತಾನೆ. ಕೊನೆಗೆ ಗಲಾನ್ ತಾನೇ ಹೂಡಿದ ಪಂದ್ಯದಲ್ಲಿ ಹೆದರಿ ಓಡಲು ಹೋಗಿ, ತನ್ನ ಮಾತಿಗೇ ಸುಳ್ಳಾಗಿ, ತನ್ನ ಶಾಪಕ್ಕೇ ಸಿಕ್ಕಿ ಕಲ್ಲಾಗುತ್ತಾನೆ. ಹೊಡೆದಾಟಕ್ಕಿಂತ ಆ ಹೆದರಿಕೆ ನೋಡಲು ಮಜಾ.

ನಮ್ಮಪ್ಪನಿಗೆ ಯಕ್ಷಗಾನದ ಹುಚ್ಚು. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದರೆ ಮಾಟುಂಗಾ ಇರಲಿ, ಥಾಣೆ ಇರಲಿ, ಹೋಗಲೇಬೇಕು. ಹೋಗಿ ಕುರ್ಚಿಯಲ್ಲಿ ನಿದ್ದೆ ಮಾಡುತ್ತಾರೆ! ಚಿಕ್ಕವನಿದ್ದಾಗ ನನ್ನ ಕೆಲಸ ಒಂದೇ: “ಬಣ್ಣದ ವೇಷ ಬಂದಾಗ ಎಬ್ಬಿಸು.” ಬಣ್ಣದ ವೇಷ ಅಂದರೆ ರಾಕ್ಷಸನ ಪಾತ್ರ. ತೆರೆಯ ಹಿಂದಿನಿಂದ ಮೊದಲು ಅವನ ಆರ್ಭಟೆ, ಅಂದರೆ ಅಬ್ಬರದ ಕೂಗು, ಮಾತ್ರ ಕೇಳುತ್ತದೆ. ಚೆಂಡೆ ಏರುತ್ತದೆ. ತೆರೆಯ ಮೇಲೆ ಕಿರೀಟ ಒಂಚೂರು, ಆಮೇಲೆ ಬಿಳಿ ಚುಕ್ಕೆಗಳ ಚುಟ್ಟಿ ಇಟ್ಟ ಮುಖ ಒಂಚೂರು. ದೊಂದಿಗೆ ರಾಳ ಎರಚಿದರೆ ಭಗ್ ಅಂತ ಬೆಂಕಿ. ಆಗ ಅಪ್ಪ ಎದ್ದು ಕೂರುತ್ತಿದ್ದರು. ಪ್ರಸಂಗ ಸಪ್ಪೆ ಇದ್ದರೂ ಮನೆಗೆ ಬರುವಾಗ ಖುಷಿಯಾಗಿಯೇ ಬರುತ್ತಿದ್ದರು.

ನನ್ನ ಲೆಕ್ಕದಲ್ಲಿ ಎಸ್ಕನೋರ್ ಬಣ್ಣದ ವೇಷ. ಒಂದು ವೇಷಕ್ಕೋಸ್ಕರ ಇಡೀ ರಾತ್ರಿ ಕೂರಬಹುದಾ? ನೀವು ಹಾಗೆ ಕೂತ ಅನಿಮೆ ಯಾವುದು?

ಹಿಂಜವಡಿ ಹುಬ್ಬಳ್ಯಾಂವ, ಪುಣೆ:

ಕೂರಬಹುದು ಅಣ್ಣಾ, ನಾನು ‘ನರುಟೋ’ಗೆ ಕೂತಿದ್ದೇನೆ. ಮೊದಲ ಭಾಗವೇ 220 ಎಪಿಸೋಡು. ಅದರ ಕೊನೆಯ ಕಡೆ ಸುಮ್ನೆ ತುರುಕಿದ ಕಥೆ ಎಷ್ಟಿದೆ ಅಂದರೆ, ಆಫೀಸ್ ಬಸ್ಸಿನಲ್ಲಿ ನಿದ್ದೆ ಹೋಗಿ ಎದ್ದರೂ ಏನೂ ತಪ್ಪಿರುವುದಿಲ್ಲ.

ಆದರೆ ಅದರಲ್ಲಿ ರಾಕ್ ಲೀ ಅಂತ ಒಬ್ಬ ನಿಂಜಾ ಹುಡುಗ ಇದ್ದಾನೆ. ಮಂತ್ರ ಬರಲ್ಲ, ಮಾಯೆ ಬರಲ್ಲ, ಬರೀ ಕೈಕಾಲು. ಗಾರಾ ಜೊತೆ ಪಂದ್ಯದಲ್ಲಿ ಮೇಲಿಂದ ಗೈ ಮಾಸ್ತರು ಹೂಂ ಅಂದಾಗ ಕಾಲಿಗೆ ಕಟ್ಟಿದ ಭಾರ ಬಿಚ್ಚಿ ಕೆಳಗೆ ಬಿಡುತ್ತಾನೆ ನೋಡಿ. ನೆಲ ಒಡೆದು ಧೂಳೆದ್ದಾಗ, ಅಷ್ಟು ಹೊತ್ತು ಅದನ್ನು ಹೊತ್ತುಕೊಂಡೇ ಹೊಡೆದಾಡಿದ್ದ ಅಂತ ಗೊತ್ತಾಗುತ್ತದೆ. ಮತ್ತೆ ಅವನು ಗೆಲ್ಲುವುದೂ ಇಲ್ಲ. ಪ್ರಜ್ಞೆ ತಪ್ಪಿದ ಮೇಲೂ ಎದ್ದು ನಿಂತಿರುತ್ತಾನೆ. ನರುಟೋನ ಹೊಟ್ಟೆಯಲ್ಲಿ ಒಂಬತ್ತು ಬಾಲದ ನರಿ ಇದೆ, ಅವನು ಸೋತರೆ ನನಗೇನು? ಲೀ ಸೋತಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ರೂಮ್‌ಮೇಟ್ ಈರುಳ್ಳಿ ಹೆಚ್ಚುತ್ತಿದ್ದ, ಬಚಾವಾದೆ.

ಇಬ್ಬರು ಹೆಣ್ಣುಮಕ್ಕಳ ತಾಯಿ, ವಾಸ್ಕೋ:

ನಾನು ಒಪ್ಪುವುದಿಲ್ಲ ತಮ್ಮಾ. ಚಿತ್ರ ಕೆಟ್ಟರೆ ಸಹಿಸಬಹುದು. ಆದರೆ ನಿಮ್ಮ ಹೀರೋ ಮೊದಲ ಎಪಿಸೋಡಿನಿಂದಲೇ ನಾಯಕಿ ಎಲಿಜಬೆತ್ ಮೈಮೇಲೆ ಕೈ ಹಾಕುತ್ತಾನೆ, ಅದನ್ನು ತಮಾಷೆ ಅಂತ ತೋರಿಸುತ್ತಾರೆ. ಮಗಳ ಜೊತೆ ನೋಡಲು ಕೂತವಳು ಹತ್ತು ನಿಮಿಷದಲ್ಲಿ ರಿಮೋಟ್ ಹುಡುಕಿದೆ. ನೀವು ಇಷ್ಟುದ್ದ ಬರೆದಿರಿ, ಇಡ್ಲಿ, ಹಾಲಿನ ಕ್ಯಾನ್ ಎಲ್ಲ ಬಂತು, ಈ ವಿಷಯ ಬರಲೇ ಇಲ್ಲ! ಸಾಂಬಾರ್ ಹಳಸಿದ ಮೇಲೆ ವಡೆ ಗರಿಗರಿ ಇದ್ದು ಏನು ಪ್ರಯೋಜನ?

ಗಲ್ಲಾ ಮಾಣಿ, ಡೊಂಬಿವಲಿ:

ಅಕ್ಕಾ, ತಪ್ಪು ನನ್ನದೇ. ಬರೆಯುವಾಗ ಅದು ನೆನಪಿಗೇ ಬರಲಿಲ್ಲ. ಅಭ್ಯಾಸವಾಗಿ ಹೋಗಿದೆ ಅಂತ ಕಾಣುತ್ತದೆ, ಅದು ಇನ್ನೂ ಕೆಟ್ಟದ್ದು. ಎಸ್ಕನೋರ್ ಎಷ್ಟು ಒಳ್ಳೆಯವನಾದರೂ ಅದನ್ನು ತೊಳೆಯಲು ಆಗುವುದಿಲ್ಲ.

ಒಂದು ಮಾತು ಮಾತ್ರ. ಎಸ್ಕನೋರ್‌ಗೆ ತಂಡದ ಮಾಂತ್ರಿಕೆ ಮರ್ಲಿನ್ ಅಂದರೆ ಪ್ರಾಣ. ಆದರೆ ಕೈ ಚಾಚುವುದಿಲ್ಲ. ಜಗತ್ತಿನಲ್ಲಿ ತನಗಿಂತ ದೊಡ್ಡವರಿಲ್ಲ ಅಂತ ಮಧ್ಯಾಹ್ನ ಮೀಸೆ ತಿರುವುವವನು ಅವಳ ಎದುರು ಮೆತ್ತಗಾಗುತ್ತಾನೆ. ಕೊನೆಯ ಸೀಸನ್ನಿನಲ್ಲಿ ಆ ಸೂರ್ಯನ ಶಕ್ತಿ ತನ್ನ ದೇಹವನ್ನೇ ಸುಡುತ್ತದೆ ಅಂತ ಗೊತ್ತಿದ್ದೂ ಅದನ್ನು ಮತ್ತೆ ಕೇಳಿ ಪಡೆಯುತ್ತಾನೆ, ಜೀವವನ್ನೇ ಉರಿಸುತ್ತಾನೆ. ಸಾಯುತ್ತಾನೆ, ಮತ್ತೆ ಏಳುವುದಿಲ್ಲ. ಬರೆದವರಿಗೆ ಪ್ರೀತಿಯನ್ನು ಹೀಗೂ ತೋರಿಸಲು ಬರುತ್ತಿತ್ತು ಅಂತ ಗೊತ್ತಾದ ಮೇಲೆ ಹೀರೋ ಮೇಲೆ ನನಗೆ ಸಿಟ್ಟು ಜಾಸ್ತಿಯೇ ಆಯಿತು.

ಇಬ್ಬರು ಹೆಣ್ಣುಮಕ್ಕಳ ತಾಯಿ, ವಾಸ್ಕೋ:

ಹಾಗಿದ್ದರೆ ಆ ಎಪಿಸೋಡಿನ ನಂಬರ್ ಮಾತ್ರ ಕೊಡಿ. ಉಳಿದದ್ದು ನನಗೆ ಬೇಡ.

ಕಿಂಗ್ಸ್ ಸರ್ಕಲ್ ಕಾಫಿ, ಮಾಟುಂಗಾ:

ನಂಬರ್ ಕೊಟ್ಟರೆ ಕೆಟ್ಟಿತು ಅಕ್ಕ. ಬಣ್ಣದ ವೇಷದ ತುಂಡು ವಿಡಿಯೋ ಫೋನಿನಲ್ಲಿ ನೋಡಿದರೆ ಆ ರೋಮಾಂಚನ ಬರುತ್ತದಾ? ಅಷ್ಟು ಹೊತ್ತು ಸಪ್ಪೆ ಪದ್ಯ ಕೇಳಿ ಸುಸ್ತಾಗಿರಬೇಕು.

ಮಾಣಿಯವರು ಹೇಳದೆ ಬಿಟ್ಟದ್ದು ಇನ್ನೊಂದಿದೆ. ಎಸ್ಕನೋರ್‌ನನ್ನೇ ಹೀರೋ ಮಾಡಿ ನೋಡಿ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಎಲ್ಲರನ್ನೂ ಬಡಿದು ಹೋಗುತ್ತಾನೆ. ನಾಲ್ಕನೇ ದಿನ ಯಾರು ನೋಡುತ್ತಾರೆ? ಅವನಿಗೆ ಗಡಿಯಾರ ಇದೆ, ಅದಕ್ಕೇ ಬೆಲೆ. ‘ಬ್ಲೀಚ್’ ಅನಿಮೆಯ ಕತ್ತಿವೀರ ಕೆನ್‌ಪಾಚಿಯೂ ಹಾಗೇ. ತನ್ನ ಬಲವನ್ನು ನುಂಗುವ ಪಟ್ಟಿಯನ್ನು ಕಣ್ಣಿಗೆ ಕಟ್ಟಿಕೊಂಡಿದ್ದಾನೆ. ಎದುರಾಳಿಗೆ ಸದ್ದು ಕೇಳಲಿ ಅಂತ ಕೂದಲಿಗೆ ಗೆಜ್ಜೆ ಬೇರೆ. ಹೊಡೆದಾಟ ಬೇಗ ಮುಗಿದರೆ ಅವನಿಗೆ ಬೇಜಾರು! ಹೆಗಲ ಮೇಲೆ ಕೂತ ಪುಟ್ಟ ಹುಡುಗಿ ಯಾಚಿರು ತಪ್ಪು ದಾರಿ ತೋರಿಸುತ್ತಾಳೆ, ಈ ಮಹಾವೀರ ಅದೇ ದಾರಿಯಲ್ಲಿ ಓಡುತ್ತಾನೆ. 2004ರಿಂದ 2012ರ ತನಕ 366 ಎಪಿಸೋಡು ಎಳೆದರು. ನಡುವೆ ಸುಮ್ನೆ ತುರುಕಿದ ಬೌಂಟೋ ಕಥೆ ಬಂದಾಗ ಬಿಡಬೇಕು ಅಂದುಕೊಂಡಿದ್ದೆ. ಗೆಜ್ಜೆ ಸದ್ದು ಮತ್ತೆ ಕೇಳೀತು ಅಂತ ಬಿಡಲಿಲ್ಲ.

ಗಲ್ಲಾ ಮಾಣಿ, ಡೊಂಬಿವಲಿ:

ಗಡಿಯಾರದ ಮಾತು ಸರಿ ಮಾರಾಯ್ರೆ. ಹೀರೋಗೆ ಬೇಕಾದಾಗ ಬೇಕಾದಷ್ಟು ಬಲ ಬರುತ್ತದೆ. ಇವರಿಗೆ ಬರುವುದಿಲ್ಲ. ಅದಕ್ಕೇ ನಾವು ಟೈಮ್ ನೋಡಿಕೊಂಡು ಕೂರುತ್ತೇವೆ.

ಅಕ್ಕಾ, ನಂಬರ್ ಮೆಸೇಜಿನಲ್ಲಿ ಕಳಿಸಿದ್ದೇನೆ. ಕಾಫಿಯವರಿಗೆ ಹೇಳಬೇಡಿ.

ಇವತ್ತು ಇದನ್ನೆಲ್ಲ ಓದುತ್ತಾ ಗಲಾನ್ ಎಪಿಸೋಡ್ ಮತ್ತೆ ಹಾಕಿದ್ದೆ. ಅಪ್ಪ ಪಕ್ಕದಲ್ಲಿ ಚಿಲ್ಲರೆ ಎಣಿಸುತ್ತಿದ್ದರು. ಜಪಾನಿ ಒಂದಕ್ಷರ ಬರುವುದಿಲ್ಲ, ಕೆಳಗಿನ ಅಕ್ಷರ ಓದಲು ಕನ್ನಡಕವೂ ಹಾಕಿರಲಿಲ್ಲ. ಸೂರ್ಯ ಹುಟ್ಟಿ ಎಸ್ಕನೋರ್ ಹೊರಗೆ ಬಂದಾಗ ಎಣಿಕೆ ನಿಂತಿತು. ಪೂರ್ತಿ ನೋಡಿದರು. ಆಮೇಲೆ ಮೆಲಿಯೋಡಸ್ ಬಂದ ಕೂಡಲೇ ಮತ್ತೆ ಐದರ ನಾಣ್ಯಕ್ಕೆ ಕೈ ಹಾಕಿ, “ಈ ಪುಟ್ಟ ಹುಡುಗ ಸಾಕು. ಆ ಮೀಸೆಯವ ಮತ್ತೆ ಬಂದಾಗ ಕರಿ” ಅಂದರು.